ಗೆದ್ದ ಮೇಲಿನ ಕೆಲಸ: 1977ರ ಬಗ್ಗೆ ಓದುಗರ ಪ್ರಶ್ನೆಗಳು

ತುರ್ತು ಪರಿಸ್ಥಿತಿಯ ನಂತರದ ಚುನಾವಣೆಯಲ್ಲಿ ಜನತಾ ಪಕ್ಷ ಗೆದ್ದ ಮೇಲೆ ಪ್ರಜಾಪ್ರಭುತ್ವವನ್ನು ಮತ್ತೆ ಕಟ್ಟಿದ್ದು ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಲೋಕಸಭೆಯಲ್ಲಿ ಬಹುಮತವಿದ್ದೂ ಜನತಾ ಸರ್ಕಾರ 42ನೇ ತಿದ್ದುಪಡಿಯನ್ನು ಒಂದೇ ಏಟಿಗೆ ಏಕೆ ಕಿತ್ತುಹಾಕಲಿಲ್ಲ? (ದಾವಣಗೆರೆ)

42ನೆಯದು ತುರ್ತಿನ ನಡುವೆ, 1976ರಲ್ಲಿ, ಇಂದಿರಾ ಗಾಂಧಿ ಸರ್ಕಾರ ತನ್ನ ಅಧಿಕಾರ ಹಿಗ್ಗಿಸಿ ಕೋರ್ಟುಗಳದ್ದನ್ನು ಕುಗ್ಗಿಸಲು ತಂದ ಸಂವಿಧಾನ ತಿದ್ದುಪಡಿ. ಅದನ್ನು ಒಮ್ಮೆಲೇ ಕಿತ್ತುಹಾಕಲು ಲೆಕ್ಕ ಕೂಡಲಿಲ್ಲ. ಸಂವಿಧಾನ ತಿದ್ದಲು ಎರಡೂ ಸದನಗಳಲ್ಲಿ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತ ಬೇಕು, ಜೊತೆಗೆ ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಿರಬೇಕು. ಹೈಕೋರ್ಟ್, ಸುಪ್ರೀಂ ಕೋರ್ಟ್ ಅಧಿಕಾರದ ವಿಷಯವಾದರೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ರಾಜ್ಯಸಭೆಯಲ್ಲಿ ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಮಾತ್ರ ನಿವೃತ್ತಿಯಾಗುವುದರಿಂದ, ಜನ ಸೋಲಿಸಿದ ಕಾಂಗ್ರೆಸ್ಸೇ ಅಲ್ಲಿ ಬಹುಮತದಲ್ಲಿ ಕೂತಿತ್ತು. ಅದನ್ನು ಒಪ್ಪಿಸದೆ ಒಂದು ಸಾಲನ್ನೂ ಅಳಿಸುವಂತಿರಲಿಲ್ಲ.

ಹಾಗಾಗಿ ಕೆಲಸ ಎರಡು ಕಂತಿನಲ್ಲಿ ನಡೆಯಿತು. ಮೊದಲು 43ನೇ ತಿದ್ದುಪಡಿ: ‘ದೇಶವಿರೋಧಿ ಚಟುವಟಿಕೆ’ಯ ಹೆಸರಿನಲ್ಲಿ ಸಂಘಟನೆಗಳನ್ನು ನಿಷೇಧಿಸಲು ದಾರಿ ಮಾಡಿದ್ದ 31ಡಿ ವಿಧಿಯೂ ಕೋರ್ಟುಗಳ ಕೈಕಟ್ಟಿದ್ದ 32ಎ, 131ಎ, 144ಎ, 226ಎ, 228ಎ ವಿಧಿಗಳೂ ಹೋದವು. ಆಮೇಲೆ 44ನೆಯದು. 1978ರ ಮೇನಲ್ಲಿ ಮಂಡನೆಯಾದ ಆ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1979ರ ಏಪ್ರಿಲ್ 30ರಂದು. ಸಂವಿಧಾನದ ಮೂಲ ಲಕ್ಷಣ ಬದಲಿಸಲು ಜನಮತಗಣನೆ ಕಡ್ಡಾಯವೆಂಬ ಕಲಮು ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಸರ್ಕಾರ ಅದನ್ನು ಕೈಬಿಟ್ಟು ಉಳಿದದ್ದನ್ನು ಉಳಿಸಿಕೊಂಡಿತು. ಈ ರಾಜಿಯನ್ನು ದೌರ್ಬಲ್ಯವೆಂದು ಹಳಿಯುವವರಿದ್ದಾರೆ. ನಾವು ಒಪ್ಪುವುದಿಲ್ಲ. ಸೋತವರ ಮತವೂ ಸೇರಿ ಆದ ತಿದ್ದುಪಡಿಯಾದ್ದರಿಂದಲೇ, 1980ರಲ್ಲಿ ಇಂದಿರಾ ಗಾಂಧಿ ಮರಳಿ ಬಂದ ಮೇಲೂ ಅದರ ತಿರುಳು ಉಳಿಯಿತು.

ಪ್ರಶ್ನೆ: 1975ರಂತೆ ರಾತ್ರೋರಾತ್ರಿ ತುರ್ತು ಪರಿಸ್ಥಿತಿ ಹೇರಲು ಈಗಲೂ ಸಾಧ್ಯವೇ? (ಹುಬ್ಬಳ್ಳಿ)

ಹಾಗೇ ಸಾಧ್ಯವಿಲ್ಲ. 1975ರ ಜೂನ್ 25ರ ರಾತ್ರಿ ಪ್ರಧಾನಿಯ ಪತ್ರವೊಂದರ ಮೇಲೆ ರಾಷ್ಟ್ರಪತಿ ಸಹಿ ಹಾಕಿದರು. ಸಂಪುಟಕ್ಕೆ ತಿಳಿದದ್ದು ಮರುದಿನ ಬೆಳಿಗ್ಗೆ. ಈಗ, 44ನೇ ತಿದ್ದುಪಡಿಯಂತೆ, ಸಂಪುಟದ ತೀರ್ಮಾನ ಲಿಖಿತವಾಗಿ ಬರದೆ ರಾಷ್ಟ್ರಪತಿ ಘೋಷಣೆ ಹೊರಡಿಸುವಂತಿಲ್ಲ. ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಕಾರಣದ ಜಾಗಕ್ಕೆ ‘ಸಶಸ್ತ್ರ ಬಂಡಾಯ’ ಬಂದಿದೆ. ಎರಡು ತಿಂಗಳ ಬದಲು ಒಂದೇ ತಿಂಗಳಲ್ಲಿ, ಅದೂ ವಿಶೇಷ ಬಹುಮತದಿಂದ, ಸಂಸತ್ತು ಒಪ್ಪಬೇಕು. ಆರಾರು ತಿಂಗಳಿಗೆ ಮತ್ತೆ ಒಪ್ಪಬೇಕು. ಲೋಕಸಭೆಯ ಹತ್ತನೇ ಒಂದು ಭಾಗದಷ್ಟು ಸದಸ್ಯರು ಬರೆದುಕೊಟ್ಟರೆ 14 ದಿನದೊಳಗೆ ವಿಶೇಷ ಸಭೆ ಕರೆಯಬೇಕು. ಅಲ್ಲಿ ಸರಳ ಬಹುಮತ ಸಿಕ್ಕರೆ ಘೋಷಣೆ ರದ್ದಾಗುತ್ತದೆ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಗಾಗಿ ಕೋರ್ಟಿಗೆ ಹೋಗುವ ಹಕ್ಕನ್ನು ಯಾವ ತುರ್ತಿನಲ್ಲೂ ಅಮಾನತಿನಲ್ಲಿಡುವಂತಿಲ್ಲ.

ಇಲ್ಲೊಂದು ದೊಡ್ಡ ತೂತು ಉಳಿದಿದೆ. ತಿದ್ದುಪಡಿಯ ಬೇರೆಬೇರೆ ಭಾಗಗಳನ್ನು ಯಾವಾಗ ಜಾರಿಗೆ ತರಬೇಕೆಂಬುದನ್ನು ಸರ್ಕಾರದ ಅಧಿಸೂಚನೆಗೆ ಬಿಡಲಾಗಿತ್ತು. ವಿಚಾರಣೆಯಿಲ್ಲದೆ, ಸಲಹಾ ಮಂಡಳಿಯ ಒಪ್ಪಿಗೆಯೂ ಇಲ್ಲದೆ ಬಂಧನದಲ್ಲಿಡಬಹುದಾದ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸುವ 3ನೇ ಕಲಮಿಗೆ ಜನತಾ ಸರ್ಕಾರವೂ ಅಧಿಸೂಚನೆ ಹೊರಡಿಸಲಿಲ್ಲ, ನಂತರ ಬಂದ ಯಾವ ಸರ್ಕಾರವೂ ಹೊರಡಿಸಿಲ್ಲ. ಜಾರಿಯ ದಿನಾಂಕವನ್ನು ಕಾಯ್ದೆಯಲ್ಲೇ ಬರೆದಿದ್ದರೆ ಈ ಗತಿ ಬರುತ್ತಿರಲಿಲ್ಲ.

ಪ್ರಶ್ನೆ: ಷಾ ಆಯೋಗ ಅಷ್ಟೆಲ್ಲ ಬಯಲು ಮಾಡಿಯೂ ದೊಡ್ಡವರಿಗೆ ಶಿಕ್ಷೆ ಏಕಾಗಲಿಲ್ಲ? (ಚಿಕ್ಕಮಗಳೂರು)

ತುರ್ತಿನ ಅತಿರೇಕಗಳನ್ನು ತನಿಖೆ ಮಾಡಲು ಜನತಾ ಸರ್ಕಾರ ನೇಮಿಸಿದ್ದು ಷಾ ಆಯೋಗ. ಆದರೆ ವಿಚಾರಣಾ ಆಯೋಗಕ್ಕೆ ಶಿಕ್ಷಿಸುವ ಅಧಿಕಾರವಿಲ್ಲ. ಅದರ ಮುಂದೆ ಕೊಟ್ಟ ಹೇಳಿಕೆಯನ್ನು ಹೇಳಿದವರ ವಿರುದ್ಧ ಕ್ರಿಮಿನಲ್ ಮೊಕದ್ದಮೆಯಲ್ಲಿ ಬಳಸುವಂತೆಯೂ ಇಲ್ಲ. ಪೊಲೀಸರು ಸಾಕ್ಷ್ಯವನ್ನು ಮೊದಲಿನಿಂದ ಕಲೆಹಾಕಬೇಕು. ದಿನಾಂಕಗಳನ್ನು ನೋಡಿ: ಆಯೋಗದ ನೇಮಕ 1977ರ ಮೇ, ಕೊನೆಯ ವರದಿ 1978ರ ಆಗಸ್ಟ್, ವಿಶೇಷ ನ್ಯಾಯಾಲಯಗಳ ಕಾಯ್ದೆ 1979ರ ಮೇ, ಪ್ರಧಾನಿ ಮೊರಾರ್ಜಿ ದೇಸಾಯಿ ರಾಜೀನಾಮೆ 1979ರ ಜುಲೈ. ಕೋರ್ಟು ಸಿದ್ಧವಾಗುವ ಹೊತ್ತಿಗೆ ಸರ್ಕಾರವೇ ಇರಲಿಲ್ಲ.

ನಡುವೆ ಮಾಡಿದ ಅವಸರ ತಿರುಗುಬಾಣವಾಯಿತು. 1977ರ ಅಕ್ಟೋಬರ್ 3ರಂದು ಇಂದಿರಾ ಅವರನ್ನು ಬಂಧಿಸಿದರು. ಬಂಧನಕ್ಕೆ ತಕ್ಕ ಆಧಾರವಿಲ್ಲವೆಂದು ಮ್ಯಾಜಿಸ್ಟ್ರೇಟರು ಮರುದಿನವೇ ಬಿಟ್ಟರು. 1978ರ ನವೆಂಬರ್‌ನಲ್ಲಿ ಅವರು ಗೆದ್ದದ್ದು ನಿಮ್ಮ ಕ್ಷೇತ್ರದಿಂದಲೇ. ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನು ಉಚ್ಚಾಟಿಸಿ ಜೈಲಿಗೆ ಕಳಿಸಿತು. ಆದರೆ ಅದಕ್ಕೆ ಕೊಟ್ಟ ಕಾರಣ ಅವರ ಮಗ ಸಂಜಯ್ ಗಾಂಧಿಯ ಮಾರುತಿ ಕಾರು ಕಂಪನಿಯ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ, ಹಕ್ಕುಚ್ಯುತಿ. ವಿಚಾರಣೆಯಿಲ್ಲದೆ ಬಂಧಿಸಲು ಬಿಡುತ್ತಿದ್ದ ಮೀಸಾ ಕಾಯ್ದೆಯಡಿ ಜೈಲು ಕಂಡವರಿಗೂ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದವರಿಗೂ ಅದರಿಂದ ನ್ಯಾಯ ಸಿಗಲಿಲ್ಲ.

ಪ್ರಶ್ನೆ: ಹಳೆಯ ಸರ್ಕಾರದ ಪರ ತೀರ್ಪು ಕೊಟ್ಟ ನ್ಯಾಯಮೂರ್ತಿಗಳನ್ನು ಏನು ಮಾಡಿದರು? (ಮೈಸೂರು)

ಕೈ ಹಚ್ಚಲಿಲ್ಲ. 1973ರಲ್ಲಿ ಶೆಲತ್, ಕೆ.ಎಸ್. ಹೆಗ್ಡೆ, ಗ್ರೋವರ್ ಅವರನ್ನೂ 1977ರ ಜನವರಿಯಲ್ಲಿ ಎಚ್.ಆರ್. ಖನ್ನಾ ಅವರನ್ನೂ ಹಿಂದಿಕ್ಕಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದರ ವಿರುದ್ಧ ಮಾತಾಡಿದ್ದವರು ತಾವೇ ಅದನ್ನು ಮಾಡಿದ್ದರೆ ಮುಖ ಉಳಿಯುತ್ತಿರಲಿಲ್ಲ. 1978ರ ಫೆಬ್ರುವರಿಯಲ್ಲಿ ಸೇವಾ ಹಿರಿತನದಂತೆ ವೈ.ವಿ. ಚಂದ್ರಚೂಡ್ ಮುಖ್ಯ ನ್ಯಾಯಮೂರ್ತಿಯಾದರು. ತುರ್ತಿನಲ್ಲಿ ಬಂಧಿತರಿಗೆ ಕೋರ್ಟಿನ ಬಾಗಿಲು ಮುಚ್ಚಿದ ಪೀಠದ ಬಹುಮತದಲ್ಲಿ ಅವರೂ ಇದ್ದರು, ಆಕ್ಷೇಪ ಸಹಜವೇ. ಆದರೆ ರಾಜ್ಯಸಭೆಯಿಂದಾಗಿ ತೆಗೆಯಲಾಗದೆ ಉಳಿದಿದ್ದ 31ಸಿ ವಿಧಿಯ ವಿಸ್ತರಣೆಯನ್ನು (ರಾಜ್ಯನೀತಿಯ ನಿರ್ದೇಶಕ ತತ್ವಗಳಿಗಾಗಿ ಮಾಡಿದ ಕಾನೂನುಗಳನ್ನು ಮೂಲಭೂತ ಹಕ್ಕಿನ ಹೆಸರಿನಲ್ಲಿ ಪ್ರಶ್ನಿಸದಂತೆ 42ನೇ ತಿದ್ದುಪಡಿ ಮಾಡಿದ್ದ ಏರ್ಪಾಡು) 1980ರ ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ ರದ್ದುಪಡಿಸಿದ್ದು ಅವರ ಪೀಠವೇ.

ಪ್ರಶ್ನೆ: 1977ರಲ್ಲಿ ಜನತಾ ಸರ್ಕಾರ ಮಾಡಿದ ಒಂಬತ್ತು ವಿಧಾನಸಭೆಗಳ ವಿಸರ್ಜನೆ ಸರಿಯೇ? (ಕಲಬುರಗಿ)

ತಪ್ಪು. ಲೋಕಸಭೆಯಲ್ಲಿ ಸೋತ ಮಾತ್ರಕ್ಕೆ ರಾಜ್ಯಗಳಲ್ಲಿ ಕಾಂಗ್ರೆಸ್ಸಿನ ಜನಾದೇಶ ಮುಗಿಯಿತೆಂಬ ಆ ವಾದವನ್ನೇ ಹಿಡಿದು 1980ರಲ್ಲಿ ಇಂದಿರಾ ಸರ್ಕಾರವೂ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿತು. 1989ರಲ್ಲಿ ವಜಾಗೊಂಡ ನಮ್ಮ ಎಸ್.ಆರ್. ಬೊಮ್ಮಾಯಿ ಸರ್ಕಾರದ ಪ್ರಕರಣದಲ್ಲಿ, 1994ರಲ್ಲಿ, ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು: ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು, ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದು, ವಿಸರ್ಜಿಸುವಂತಿಲ್ಲ.