ರವಿವಾರದ ಕಬಡ್ಡಿ ಮ್ಯಾಚ್ ಆಡಿಸಬ್ಯಾಡ್ರಿ

ಅಕ್ಕಾರ, ಜಮಖಂಡಿಯೊಳಗ ಕಬಡ್ಡಿ ಪ್ರಾಕ್ಟೀಸಿನ್ಯಾಗ ಮಗನ ತಲಿಗೆ ಪೆಟ್ಟಾತು, ಎಚ್ಚರ ತಪ್ಪಿಲ್ಲ, ರವಿವಾರ ಆಡಿಸಬಹುದೇನು ಅಂತ ಕೇಳೀರಿ. ಬ್ಯಾಡ್ರಿ. ಎಚ್ಚರ ತಪ್ಪದಿದ್ರೂ ಮಿದುಳಿಗೆ ಪೆಟ್ಟಾಗಿರಬಹುದು, ಸಿ.ಟಿ. ಸ್ಕ್ಯಾನಿನ್ಯಾಗ ಬಹಳ ಸಲ ಅದು ಕಾಣೂದೇ ಇಲ್ಲ. "ಸ್ಕೋರ್ ಎಷ್ಟಾತು" ಅಂತ ಹುಡುಗ ಕೇಳಿದ್ದನ್ನೇ ಮತ್ತ ಮತ್ತ ಕೇಳಿದ ಅಂತ ಬರದೀರಲ್ಲ, ನನಗ ಹೆದರಿಕಿ ಆಗಿದ್ದು ಅಲ್ಲೇ. ಕನ್‌ಕಶನ್, ಅಂದ್ರ ಪೆಟ್ಟಿಗೆ ಮಿದುಳು ಅಲುಗಾಡಿ ಅದರ ಕೆಲಸ ಏರುಪೇರು ಆದಾಗ ಹಿಂಗ ಆಗತೈತಿ. ಇವತ್ತೇ ಡಾಕ್ಟರಿಗೆ ತೋರಸ್ರಿ. ಮೊದಲ 1-2 ದಿನ ವಿಶ್ರಾಂತಿ ಕೊಡ್ರಿ, ಮೊಬೈಲ್ ಕಡಿಮಿ ಮಾಡ್ರಿ. ಮ್ಯಾಲಿಂದ ಮ್ಯಾಲ ವಾಂತಿ ಆದ್ರ, ತಲಿನೋವು ಏರಕೋತ ಹೋದ್ರ, ಫಿಟ್ಸ್ ಬಂದ್ರ, ಎಬ್ಬಿಸಿದ್ರೂ ಏಳದಿದ್ರ ತಡಾ ಮಾಡದ 108ಕ್ಕ ಫೋನ್ ಹಚ್ಚರಿ. ಮಿದುಳು ಸುಧಾರಿಸೂ ಮೊದಲ ಇನ್ನೊಂದು ಪೆಟ್ಟು ಬಿದ್ರ ಜೀವಕ್ಕೇ ಅಪಾಯ. ಕೋಚ್ ಎಷ್ಟೇ ಒತ್ತಾಯ ಮಾಡ್ಲಿ, ಡಾಕ್ಟರ್ ಹೂಂ ಅನ್ನೂತನಕ ಅಂಕಣಕ್ಕ ಇಳಿಸಬ್ಯಾಡ್ರಿ. ಆಮ್ಯಾಲೂ ಮೊದಲ ನಡಿಗಿ, ಹಗೂರ ಓಟ. ಹಿಡಿದು ಕೆಡವೂ ಆಟ ಎಲ್ಲಾದಕ್ಕೂ ಕಡೀಕ.