'ದ ಕೈಟ್ ರನ್ನರ್' ಕಾದಂಬರಿಯಲ್ಲಿ ಅಮೀರ್ ಹಸನ್‌ನ ಮೇಲೆ ಕಳ್ಳತನದ ಆರೋಪ ಹೊರಿಸಿದ್ದು ಯಾಕೆ?

ಹಸನ್‌ನ ಮೇಲೆ ಸಿಟ್ಟಿದ್ದದ್ದಕ್ಕಲ್ಲ, ಅವನ ಮುಖ ನೋಡೋಕೆ ಆಗದೇ ಇದ್ದದ್ದಕ್ಕೆ.

1975ರ ಚಳಿಗಾಲ, ಕಾಬೂಲ್. ಅಮೀರ್ ಸಿರಿವಂತರ ಮನೆಯ ಹುಡುಗ; ಹಸನ್ ಅದೇ ಮನೆಯ ಆಳಿನ ಮಗ, ಅವನ ಜೊತೆಗೇ ಆಡಿ ಬೆಳೆದವನು. ಅಮೀರ್ ಗೆದ್ದ ಗಾಳಿಪಟವನ್ನು ತರಲು ಓಡಿದ ಹಸನ್‌ನ ಮೇಲೆ ಓಣಿಯಲ್ಲಿ ಅತ್ಯಾಚಾರ ನಡೆಯುತ್ತದೆ. ಅಮೀರ್ ಮರೆಯಲ್ಲಿ ನಿಂತು ನೋಡಿ ಓಡಿಹೋಗುತ್ತಾನೆ. ಆಮೇಲೆ ಅವನಿಗೆ ಬೇಕಾಗಿದ್ದು ಶಿಕ್ಷೆ. ಬೆಟ್ಟದ ಮೇಲೆ ಹಸನ್‌ಗೆ ದಾಳಿಂಬೆ ಎಸೆದು, 'ನೀನೂ ಹೊಡಿ' ಅಂತ ಕೆಣಕುತ್ತಾನೆ. ಹಸನ್ ಒಂದು ಹಣ್ಣು ತಗೊಂಡು ತನ್ನ ಹಣೆಗೇ ಜಜ್ಜಿಕೊಳ್ಳುತ್ತಾನೆ. ಇಡೀ ಕಾದಂಬರಿಯ ಕೀಲಿಕೈ ಇದೇ ಅನ್ನಿಸುತ್ತದೆ ನನಗೆ. ಬೈದಿದ್ದರೆ, ಹೊಡೆದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಸುಮ್ನೆ ಪ್ರೀತಿಸುತ್ತಲೇ ಇರುವವನನ್ನು ದಿನಾ ಎದುರಿಸೋದು ಹೇಗೆ? ಮನೆಯಿಂದ ಕಳಿಸಿಬಿಡೋದೇ ಸುಲಭ, ಅಲ್ವಾ?

ಕಳ್ಳತನವೇ ಯಾಕೆ ಅಂದರೆ, ಅಮೀರ್‌ನ ಅಪ್ಪ ಬಾಬಾನ ಪ್ರಕಾರ ಜಗತ್ತಿನಲ್ಲಿರುವ ಪಾಪ ಅದೊಂದೇ, ಉಳಿದದ್ದೆಲ್ಲ ಅದರದ್ದೇ ರೂಪ. ಹಾಗಾಗಿ ಅಮೀರ್ ತನ್ನ ಹುಟ್ಟುಹಬ್ಬದ ವಾಚು, ಒಂದಿಷ್ಟು ನೋಟುಗಳನ್ನು ಹಸನ್‌ನ ಹಾಸಿಗೆಯಡಿ ತುರುಕುತ್ತಾನೆ. (2001ರಲ್ಲಿ ತಾಲಿಬಾನ್ ಆಳ್ವಿಕೆಯ ಅಫ್ಘಾನಿಸ್ತಾನಕ್ಕೆ ವಾಪಸಾದಾಗ, ಒಂದು ಬಡವರ ಮನೆಯ ಹಾಸಿಗೆಯಡಿ ಮತ್ತೆ ದುಡ್ಡು ಇಡುತ್ತಾನೆ. ಈ ಸಲ ಅವರಿಗೇ ಅಂತ.)

ಲೆಕ್ಕಾಚಾರ ಮಾತ್ರ ತಪ್ಪುತ್ತದೆ. ಹಸನ್ 'ಹೌದು, ಕದ್ದೆ' ಅಂತ ಒಪ್ಪಿಕೊಂಡರೂ ಬಾಬಾ ತಕ್ಷಣ ಕ್ಷಮಿಸಿಬಿಡುತ್ತಾನೆ. ಹೊರಡೋ ತೀರ್ಮಾನ ಹಸನ್‌ನ ಅಪ್ಪ ಅಲಿಯದು. ಆಗ ಬಾಬಾ ಅಳುತ್ತಾನೆ. ಹಸನ್ ನಿಜವಾಗಿ ಅಲಿಯ ಮಗನಲ್ಲ, ಬಾಬಾನದೇ ಮಗ ಅನ್ನೋದು ಅಮೀರ್‌ಗೆ ಗೊತ್ತಾಗೋದು ಎಷ್ಟೋ ವರ್ಷಗಳಾದ ಮೇಲೆ, ಪೇಶಾವರದಲ್ಲಿ.