ಜರ್ಮನಿಯಲ್ಲಿ ನೆಲೆಸುವುದು ಸುಲಭ, ಸಂಶೋಧನೆಯಲ್ಲಿ ನೆಲೆಸುವುದು ಕಷ್ಟ

ಸಾಗರದಿಂದ ಕೇಳಿದ್ದೀರಿ: ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ಎಂಎಸ್ಸಿ ಮುಗಿದಿದೆ, ಜರ್ಮನಿಯಲ್ಲಿ ಪಿಎಚ್‌ಡಿ ಮಾಡಿ ಅಲ್ಲೇ ಇದ್ದುಬಿಡಬಹುದಾ, ಖರ್ಚು ಎಷ್ಟು, ನಮ್ಮಂಥ ಸಣ್ಣ ಊರಿನ ಡಿಗ್ರಿಗೆ ಬೆಲೆ ಇದೆಯಾ ಅಂತ. ನಾನು ಹೋಗಿ 14 ವರ್ಷ ಆಯಿತು. ಈಗ ರಜೆಗೆ ತೀರ್ಥಹಳ್ಳಿ ಕಡೆ ಮನೆಗೆ ಬಂದಿದ್ದೇನೆ. ನಿನ್ನೆ ಸಂಜೆಯಿಂದ ಮಳೆ, ಕರೆಂಟ್ ಇಲ್ಲ, ಫೋನಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಬರೆಯುತ್ತೇನೆ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡೋಣ. ಅಲ್ಲಿ ಪಿಎಚ್‌ಡಿ ಅಂದರೆ ಹೆಚ್ಚು ಕಡಿಮೆ ನೌಕರಿ. ಜಾಹೀರಾತು ಬರುತ್ತದೆ, ಅರ್ಜಿ ಹಾಕುತ್ತೀರಿ, ಇಂಟರ್‌ವ್ಯೂ ಆಗುತ್ತದೆ, ಆಯ್ಕೆಯಾದರೆ ಒಪ್ಪಂದ, ಸಂಬಳ, ಆರೋಗ್ಯ ವಿಮೆ ಎಲ್ಲ ಉಂಟು. ವೇತನ ಶ್ರೇಣಿಯ ಹೆಸರು ಇ13. ಆದರೆ ಅದನ್ನು ಪೂರ್ತಿ ಕೊಡುವುದು ಕಡಿಮೆ, ನಮ್ಮ ಕ್ಷೇತ್ರದಲ್ಲಿ ಶೇ 65 ಅನ್ನುವುದೇ ಜಾಸ್ತಿ. ಕಾಗದದ ಮೇಲೆ ವಾರಕ್ಕೆ 26 ಗಂಟೆ, ದುಡಿಯುವುದು ಪೂರ್ತಿ ವಾರ. ಆದರೂ ಒಬ್ಬರ ಜೀವನಕ್ಕೆ ಸಾಕು. ಬ್ಯಾಂಕಿನಲ್ಲಿ 11,904 ಯೂರೋ ಇಟ್ಟು ತೋರಿಸಬೇಕು ಅಂತ ಯಾರೋ ಹೆದರಿಸಿದ್ದಾರಲ್ಲ, ಅದು ಸ್ವಂತ ಖರ್ಚಿನಲ್ಲಿ ಓದಲು ಹೋಗುವವರ ಲೆಕ್ಕ. ಸಂಬಳದ ಒಪ್ಪಂದ ಕೈಯಲ್ಲಿದ್ದವರಿಗೆ ಬೇಕಿಲ್ಲ. ಸೀಟು ಕೊಡಿಸುತ್ತೇವೆ ಅನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಯುರಾಕ್ಸೆಸ್ ತಾಣದಲ್ಲಿ ಯೂರೋಪಿನ ಜಾಹೀರಾತುಗಳು ಪುಕ್ಕಟೆ ಸಿಗುತ್ತವೆ. ಅಲ್ಲಿ ಮೇರಿ ಕ್ಯೂರಿ ಅಂತ ಹೆಸರಿರುವ ಪಿಎಚ್‌ಡಿ ಕೆಲಸಗಳನ್ನು ಬಿಡಬೇಡಿ. ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಆ ಕೆಲಸ ಇರುವ ದೇಶದಲ್ಲಿ ಇದ್ದವರಿಗೆ ಅವು ಸಿಗುವುದಿಲ್ಲ, ಅಂದರೆ ನೀವು ಸಾಗರದಲ್ಲಿ ಕೂತಿರುವುದೇ ಅಲ್ಲಿ ನಿಮ್ಮ ಅರ್ಹತೆ.

ಇನ್ನು ಸಣ್ಣ ಊರಿನ ಡಿಗ್ರಿ. ನಾನು ಓದಿದ್ದೂ ಅದೇ ಶಂಕರಘಟ್ಟದಲ್ಲಿ. ಕೊನೆಯ ಸೆಮಿಸ್ಟರ್‌ನಲ್ಲಿ ಎಪ್ಪತ್ತು ಪ್ರೊಫೆಸರ್‌ಗಳಿಗೆ ಒಂದೇ ಮೇಲ್ ಕಳಿಸಿದ್ದೆ. ಮಾನ್ಯರೇ ಅಂತ ಶುರು, ನಾನು ತುಂಬ ಕಷ್ಟಪಟ್ಟು ಕೆಲಸ ಮಾಡುವವನು ಅಂತ ಮುಕ್ತಾಯ. ಇಬ್ಬರು ಉತ್ತರ ಕೊಟ್ಟರು, ಇಬ್ಬರೂ ಇಲ್ಲ ಅಂದರು. ಆ ಮಳೆಗಾಲ ಮನೆಗೆ ಬಂದಾಗ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುತ್ತಿದ್ದರು. ಒಂದು ಡ್ರಮ್ಮಿನಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದರಲ್ಲಿ ಸುಣ್ಣ, ಎರಡನ್ನೂ ಸೇರಿಸಿದರೆ ಬೋರ್ಡೋ ದ್ರಾವಣ. ಅದಕ್ಕೆ ಅಪ್ಪ ಚಾಕುವಿನ ತುದಿ ಅದ್ದಿ ತೆಗೆಯುತ್ತಿದ್ದರು. ಅಲಗು ಕೆಂಪಗಾದರೆ ಸುಣ್ಣ ಸಾಲದು ಅಂತ ಅರ್ಥ. ಮರ ಹತ್ತಿದ ಕೊನೆಗಾರ ಮೇಲಿನಿಂದ ಗೊನೆಗೆ ಹೊಡೆದರೆ ಅದರಲ್ಲಿ ಒಂದು ಪಾಲು ನಮ್ಮ ತಲೆ ಮೇಲೆ, ಉಳಿದದ್ದು ನೆಲಕ್ಕೆ. ಅಜ್ಜನ ಕಾಲದಿಂದ ಪ್ರತಿ ಮಳೆಗಾಲ ಎರಡು ಸಲ, ಮಳೆ ಜೋರಿದ್ದರೆ ಮೂರು ಸಲ. ಇಷ್ಟು ತಾಮ್ರ ಎಲ್ಲಿ ಹೋಯಿತು? ಆ ಪ್ರಶ್ನೆಯನ್ನೇ ಅರ್ಧ ಪುಟ ಬರೆದು, ದ್ರಾಕ್ಷಿ ತೋಟದ ಮಣ್ಣಿನ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಕಳಿಸಿದೆ. ಬೋರ್ಡೋ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿಗಾಗಿ ಅಲ್ವಾ, ಅವರಿಗೂ ಅದೇ ತಲೆನೋವು. ಈಗಂತೂ ಯೂರೋಪಿಯನ್ ಒಕ್ಕೂಟ ಹೆಕ್ಟೇರಿಗೆ 7 ವರ್ಷದಲ್ಲಿ 28 ಕೆಜಿಗಿಂತ ಹೆಚ್ಚು ತಾಮ್ರ ಹಾಕುವಂತಿಲ್ಲ ಅಂತ ಮಿತಿ ಇಟ್ಟಿದೆ. ಮೂರನೇ ದಿನ ಉತ್ತರ ಬಂತು. ನನ್ನ ಅಂಕಪಟ್ಟಿ ಕೇಳಿದ್ದು ಆಮೇಲೆ.

(ಇನ್ನೊಂದು ತಮಾಷೆ. ಕೊಳೆರೋಗಕ್ಕೆ ಈ ದ್ರಾವಣವನ್ನು ಮಲೆನಾಡಿನಲ್ಲಿ ರೂಢಿಗೆ ತಂದ ಲೆಸ್ಲಿ ಕೋಲ್ಮನ್ ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಅವರು ಪಿಎಚ್‌ಡಿ ಮಾಡಿದ್ದು ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ. ಜರ್ಮನಿಯ ನಮ್ಮ ಮನೆಯಿಂದ ಅಲ್ಲಿಗೆ ಒಂದು ಗಂಟೆ ರೈಲು.)

ನೀವು ಸೊಪ್ಪಿನಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು) ದರಗಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆ ಪ್ರಾಜೆಕ್ಟ್ ಮಾಡಿದ್ದೀರಿ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ಹತ್ತಿರ ಇರುವ ಗಟ್ಟಿ ವಸ್ತು ಅದೇ. ಬೆಟ್ಟದ ಸೊಪ್ಪು, ದರಗು ತೋಟಕ್ಕೆ ಹೋದರೆ ಬೆಟ್ಟದ ಮಣ್ಣಿಗೆ ಏನಾಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡವರು ಅಲ್ಲಿ ಎಷ್ಟು ಜನ ಇದ್ದಾರೆ? ಅದರ ಜೊತೆ ಸಂಖ್ಯಾಶಾಸ್ತ್ರ, ಆರ್ ಸಾಫ್ಟ್‌ವೇರ್, ನಕ್ಷೆ ಕೆಲಸದ ಜಿಐಎಸ್ ಇಷ್ಟನ್ನು ಈಗಲೇ ಕಲಿಯಿರಿ. ನಾನು ಅಲ್ಲಿಗೆ ಹೋದಮೇಲೆ ಕಲಿತು ಒಂದು ವರ್ಷ ಕಳೆದುಕೊಂಡೆ.

ಒಂದು ಎಚ್ಚರಿಕೆ. ಮೊದಲ ಸಲ ರಜೆಗೆ ಬಂದಾಗ ನಮ್ಮ ತೋಟದ ಮಣ್ಣನ್ನು ನಾಲ್ಕು ಪೊಟ್ಟಣ ಕಟ್ಟಿ ಸೂಟ್‌ಕೇಸಿಗೆ ಹಾಕಿಕೊಂಡಿದ್ದೆ. ನಮ್ಮದೇ ತೋಟ, ನಮ್ಮದೇ ಮಣ್ಣು, ಯಾರನ್ನು ಕೇಳುವುದು ಅಂತ. ಹೊರಡುವ ಹಿಂದಿನ ದಿನ ಗೈಡ್‌ಗೆ ಖುಷಿಯಿಂದ ಫೋನ್ ಮಾಡಿದರೆ ಅವರು ಗಾಬರಿಯಾದರು. ಯೂರೋಪಿಗೆ ಹೊರಗಿನ ಮಣ್ಣು ಹಾಗೆಲ್ಲ ತರುವಂತಿಲ್ಲ. ಇಲ್ಲಿಯ ಕಡೆಯಿಂದಲೂ ತೊಡಕು ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಇಲ್ಲಿಯ ಗಿಡ, ಸೂಕ್ಷ್ಮಜೀವಿಗಳನ್ನು ಸಂಶೋಧನೆಗೆ ಬಳಸಲು ವಿದೇಶಿಯರಷ್ಟೇ ಅಲ್ಲ, ಹೊರಗೆ ನೆಲೆಸಿದ ಭಾರತೀಯರೂ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೆಯಬೇಕು. ಪೊಟ್ಟಣ ಬಿಚ್ಚಿ ಮಣ್ಣನ್ನು ವಾಪಸ್ ಅಡಿಕೆ ಬುಡಕ್ಕೆ ಸುರಿದೆ. ಅಮ್ಮ ನಕ್ಕಿದ್ದು ಇನ್ನೂ ನೆನಪಿದೆ. ಪಿಎಚ್‌ಡಿ ಪೂರ್ತಿ ದ್ರಾಕ್ಷಿ ಮಣ್ಣಿನ ಮೇಲೇ ಆಯಿತು. ಹೋದಮೇಲೆ ಊರಿನ ವಿಷಯವನ್ನೇ ಸಂಶೋಧನೆ ಮಾಡುತ್ತೇನೆ ಅಂತ ಲೆಕ್ಕ ಹಾಕಿದ್ದರೆ ಗೈಡ್ ಜೊತೆ ಮೊದಲೇ ಮಾತಾಡಿ.

ಈಗ ನಿಮ್ಮ ದೊಡ್ಡ ಪ್ರಶ್ನೆ, ಅಲ್ಲೇ ಇರಬಹುದಾ. ದೇಶದಲ್ಲಿ ಇರುವುದು ಕಷ್ಟವಲ್ಲ. ಪಿಎಚ್‌ಡಿ ನಂತರ ಸರಿಯಾದ ಕೆಲಸ ಸಿಕ್ಕು ಬ್ಲೂ ಕಾರ್ಡ್ (ಓದಿದ ವಿದೇಶಿಯರಿಗೆ ಕೊಡುವ ಕೆಲಸದ ಪರವಾನಗಿ) ಬಂದರೆ, ಬಿ1 ಅಂದರೆ ಮಧ್ಯಮ ಮಟ್ಟದ ಜರ್ಮನ್ ಇದ್ದವರಿಗೆ 21 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ ಸಿಗುತ್ತದೆ. ಕಷ್ಟ ಇರುವುದು ಸಂಶೋಧನೆಯಲ್ಲಿ ಉಳಿಯುವುದು. 2007ರ ಒಂದು ಕಾನೂನು ಇದೆ. ಅದರ ಪ್ರಕಾರ ತಾತ್ಕಾಲಿಕ ಒಪ್ಪಂದದ ಮೇಲೆ ಪಿಎಚ್‌ಡಿಗೆ ಮುಂಚೆ 6 ವರ್ಷ, ಆಮೇಲೆ 6 ವರ್ಷ, ಅಷ್ಟೇ. ಪ್ರಾಜೆಕ್ಟ್ ದುಡ್ಡು, ಮಕ್ಕಳು ಅಂತ ಕೆಲವು ವಿನಾಯಿತಿ ಬಿಟ್ಟರೆ, ಅಷ್ಟರೊಳಗೆ ಕಾಯಂ ಹುದ್ದೆ ಸಿಗದವರು ಹೊರಗೆ. ಕಾಯಂ ಹುದ್ದೆಗಳೋ ಕೈಬೆರಳಲ್ಲಿ ಎಣಿಸುವಷ್ಟು. ಇದನ್ನು ಸಮರ್ಥಿಸಲು ಅಲ್ಲಿಯ ಸಚಿವಾಲಯ ಒಂದು ಕಾರ್ಟೂನ್ ವೀಡಿಯೋ ಮಾಡಿತ್ತು. ಅದರಲ್ಲಿ ಹನ್ನಾ ಅಂತ ಒಬ್ಬ ಜೀವವಿಜ್ಞಾನಿ. ಹಳಬರು ಜಾಗ ಹಿಡಿದು ಕೂತರೆ ಹೊಸಬರಿಗೆ ದಾರಿ ಕಟ್ಟಿಹೋಗುತ್ತದೆ ಅನ್ನುವ ಅರ್ಥದ ಮಾತು. 2021ರಲ್ಲಿ ಸಾವಿರಾರು ಸಂಶೋಧಕರು 'ನಾನೇ ಹನ್ನಾ' ಅಂತ ಬರೆದು ಸಿಟ್ಟು ತೋಡಿಕೊಂಡರು. ನಾನೂ ಒಂದು ಸಾಲು ಬರೆದೆ. ಅಷ್ಟೊತ್ತಿಗೆ ಎರಡನೇ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ನಡೆಯುತ್ತಿತ್ತು, ಮೂರನೇ ಊರು, ಒಪ್ಪಂದ ಮುಗಿಯಲು ಏಳು ತಿಂಗಳು, ಹೆಂಡತಿ ಬಸುರಿ.

ಆಮೇಲೆ ನಾನು ಪ್ರೊಫೆಸರ್ ಆಗುವ ಆಸೆ ಬಿಟ್ಟೆ. ಈಗ ಒಂದು ಪ್ರಯೋಗಾಲಯದಲ್ಲಿ ಮಣ್ಣಿನ ಲೋಹ ಅಳೆಯುವ ಯಂತ್ರ ನೋಡಿಕೊಳ್ಳುವ ಕಾಯಂ ಕೆಲಸ. ಪೇಪರ್‌ಗಳಲ್ಲಿ ನನ್ನ ಹೆಸರು ಮಧ್ಯದಲ್ಲಿ ಎಲ್ಲೋ ಇರುತ್ತದೆ. ಮೊದಲ ವರ್ಷ ಸೋತ ಹಾಗೆ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಈಗ ಸಂಜೆ ಐದಕ್ಕೆ ಮನೆಗೆ ಬರುತ್ತೇನೆ. ಈ ಕೆಲಸ ಸಿಕ್ಕಿದ್ದು ಡಿಗ್ರಿಯಿಂದಷ್ಟೇ ಅಲ್ಲ, ಜರ್ಮನ್ ಮಾತಾಡುತ್ತಿದ್ದೆ ಅಂತ. ಲ್ಯಾಬಿನಲ್ಲಿ ಇಂಗ್ಲಿಷ್ ಸಾಕು ಅಂತ ಎಲ್ಲರೂ ಹೇಳುತ್ತಾರೆ, ನಿಜವೂ ಹೌದು, ಆದರೆ ಅರಣ್ಯ ಇಲಾಖೆ, ಪರಿಸರ ಕಚೇರಿಗಳ ಬಾಗಿಲು ಇಂಗ್ಲಿಷಿಗೆ ತೆರೆಯುವುದಿಲ್ಲ.

ಪೌರತ್ವದ ಬಗ್ಗೆ ಮನೆಯವರು ಕೇಳುತ್ತಿದ್ದಾರೆ ಅಂದಿರಿ. ಜರ್ಮನಿ 5 ವರ್ಷಕ್ಕೆ ಕೊಡುತ್ತದೆ, ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಸಿಗುವ ಒಸಿಐ ಕಾರ್ಡ್ ಮಾಡಿಸಿದರೂ ಕೃಷಿ ಭೂಮಿ ಕೊಳ್ಳುವಂತಿಲ್ಲ, ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು ಅಷ್ಟೇ. ಪಕ್ಕದ ಒಂದೆಕರೆ ಸಿಕ್ಕಿದರೆ ತಗೊಳ್ಳೋಣ ಅನ್ನುವ ಮನೆಯವರಾದರೆ ಇದನ್ನು ಮೊದಲೇ ಹೇಳಿಬಿಡಿ. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟ್.

ನೆಟ್ ಪರೀಕ್ಷೆಯನ್ನೂ ಬರೆಯಿರಿ. ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಈಗ ತಿಂಗಳಿಗೆ 37,000 ರೂಪಾಯಿ, ಬೆಂಗಳೂರಿನ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರ ಯಾವ ಜರ್ಮನ್ ಸಂಸ್ಥೆಗೂ ಕಡಿಮೆಯಿಲ್ಲ, ಅಲ್ಲಿ ಪಿಎಚ್‌ಡಿ ಮಾಡಿ ಪೋಸ್ಟ್‌ಡಾಕ್‌ಗೆ ಹೊರಗೆ ಹೋದವರು ಬೇಕಾದಷ್ಟು ಜನ ಇದ್ದಾರೆ. ಚಳಿ, ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು, ಅದೆಲ್ಲ ಅಭ್ಯಾಸ ಆಗುತ್ತದೆ. ಕುಚಲಕ್ಕಿ ಸಿಗುತ್ತದೆ. ಮಾವಿನ ಮಿಡಿ ಉಪ್ಪಿನಕಾಯಿ ಮಾತ್ರ ಹೊತ್ತುಕೊಂಡೇ ಹೋಗಬೇಕು.

ಚಾರ್ಜ್ ಶೇ 9 ತೋರಿಸುತ್ತಿದೆ. ಮುಂದಿನ ಬುಧವಾರ ಸಾಗರದಲ್ಲಿ ನೆಂಟರ ಮನೆಗೆ ಬರುತ್ತಿದ್ದೇನೆ. ಆ ದರಗಿನ ರಿಪೋರ್ಟ್ ತನ್ನಿ, ಮೇಲ್‌ನ ಮೊದಲ ಪ್ಯಾರಾ ಒಟ್ಟಿಗೆ ಕೂತು ಬರೆಯೋಣ.